ಕಿಂಡಿ ಮುಚ್ಚುವ ಕೆಲಸ

ಮುಂಬಯಿ ವಡಾಲದ ರಾಮಮಂದಿರದ ಆಸುಪಾಸಿನ ನಮ್ಮ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ನಿವೃತ್ತಿಯ ದಿನಗಳನ್ನು ಪತ್ರಿಕೆ, ಪಂಚಾಂಗ, ಮೊಬೈಲುಗಳಿಗೆ ಸಮನಾಗಿ ಹಂಚಿಕೊಟ್ಟು ಬದುಕುತ್ತಿರುವ ಉಡುಪಿ ಕಡೆಯ ಹಿರಿಯರೊಬ್ಬರು, ಕಳೆದ ಮಳೆಗಾಲದ ಒಂದು ಸಂಜೆ ನನ್ನ ಬಾಗಿಲು ತಟ್ಟಿ, "ಇದೊಂದು ಅಪ್‌ಡೇಟ್ ಅಂತ ಎರಡು ತಿಂಗಳಿಂದ ಬಂದು ಕೂತಿದೆ ಮಾರಾಯ್ರೆ, ಒತ್ತಿದರೆ ಇದ್ದದ್ದೂ ಹೋದೀತೋ ಅಂತ ಹೆದರಿಕೆ" ಎಂದರು. ನಗುವುದು ನನ್ನಿಂದಾಗಲಿಲ್ಲ, ಪಿಂಚಣಿಯ ಖಾತೆಯೂ ದೂರದ ಮೊಮ್ಮಕ್ಕಳ ಚಿತ್ರಗಳೂ ಅಂಗೈಯಗಲದ ಒಂದೇ ಗಾಜಿನ ಹಿಂದೆ ಸೇರಿಕೊಂಡಿರುವಾಗ, ಅದರ ಗೊಡವೆಗೆ ಹೋಗದಿರುವುದೇ ಲೇಸೆಂದು ಯಾರಿಗಾದರೂ ತೋರೀತು.

ಆದರೆ ತಂತ್ರಾಂಶವೆಂಬುದು ಮನುಷ್ಯರು ಬರೆದ ಬರಹವೇ ಹೊರತು ದೈವದತ್ತವಾದುದಲ್ಲ. ಲಕ್ಷಾಂತರ ಪಂಕ್ತಿಗಳ ಆ ಬರಹದಲ್ಲಿ ಅಚ್ಚಿನ ದೋಷಗಳಂಥ ದೋಷಗಳು ಉಳಿದೇ ಉಳಿಯುತ್ತವೆ. ಅವುಗಳಲ್ಲಿ ಕೆಲವು ಪರರು ಒಳನುಗ್ಗಬಹುದಾದ ಕಿಂಡಿಗಳು. ಉಡುಪಿಯ ಕಿಂಡಿಯಲ್ಲಿ ದೇವರು ದರ್ಶನವಿತ್ತನಂತೆ. ಇವುಗಳಲ್ಲಿ ಇಣುಕುವವನು ಕಳ್ಳ. ಹಾಗೆಂದೇ ಮೈಕ್ರೋಸಾಫ್ಟ್ 2003ರಲ್ಲಿ ತಿಂಗಳ ಎರಡನೆಯ ಮಂಗಳವಾರ ವಿಂಡೋಸಿಗೂ, ಗೂಗಲ್ 2015ರಲ್ಲಿ ತಿಂಗಳಿಗೊಮ್ಮೆ ಆಂಡ್ರಾಯ್ಡಿಗೂ ತಿದ್ದುಪಡಿಗಳನ್ನು ಹೊರಡಿಸುವ ಪರಿಪಾಠವನ್ನು ಆರಂಭಿಸಿದುವು. ಪುಸ್ತಕದ ಕೊನೆಯ ತಪ್ಪು-ಒಪ್ಪಿನ ಪಟ್ಟಿಯನ್ನು ಸಜ್ಜನರೂ ಓದುವುದಿಲ್ಲ; ಈ ತಿದ್ದುಪಡಿಗಳ ಪಟ್ಟಿಯನ್ನಾದರೋ ಕಳ್ಳರು ಎಲ್ಲರಿಗಿಂತ ಮೊದಲು ಓದಿ, ಹಳೆಯದಕ್ಕೂ ಹೊಸದಕ್ಕೂ ಇರುವ ಭೇದವನ್ನು ತಾಳೆನೋಡಿ, ಕಿಂಡಿಯಿದ್ದ ಸ್ಥಳವನ್ನು ಗುರುತಿಸಿಕೊಂಡು, ಮುಚ್ಚಲು ಸೋಮಾರಿತನ ಮಾಡಿದವರ ಮನೆಯನ್ನು ಹುಡುಕಿ ಹೊರಡುತ್ತಾರೆ. ಆದುದರಿಂದ ತಿದ್ದುಪಡಿ ಬರುವ ಮುನ್ನ ಇದ್ದ ಅಪಾಯಕ್ಕಿಂತ, ಬಂದಮೇಲೂ ಸುಮ್ಮನಿರುವುದರ ಅಪಾಯ ದೊಡ್ಡದು.

ಇದು ಕೇವಲ ಪರದೇಶದ ವಾರ್ತೆಯಲ್ಲ. ವಡಾಲದಿಂದ ಒಂದು ನಿಲ್ದಾಣ ಮುಂದಕ್ಕಿರುವ ಶಿವ್ಡಿಯ ದಂಡೆಗೆ ಎದುರಾಗಿ, ಕೊಲ್ಲಿಯ ಆಚೆ ದಡದಲ್ಲಿರುವ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ, ಮೇರ್ಸ್ಕ್ ಸಮೂಹದವರು ನಡೆಸುತ್ತಿದ್ದ ಕಂಟೇನರ್ ಕಟ್ಟೆಯೊಂದರ ಗಣಕಗಳು 2017ರ ಜೂನ್ ಕೊನೆಯಲ್ಲಿ 'ನಾಟ್‌ಪೆಟ್ಯಾ' ಎಂಬ ಕುತಂತ್ರಾಂಶದ ಹಾವಳಿಗೆ ಸಿಕ್ಕಿ ಸ್ತಬ್ಧವಾದುವು. ಕಟ್ಟೆಯ ಕೆಲಸವನ್ನು ಕೈಯಿಂದಲೇ ನಡೆಸಲು ಹೆಣಗಬೇಕಾಯಿತು. ಆ ಪಿಡುಗು ಬಳಸಿದ ಕಿಂಡಿಗಳಲ್ಲೊಂದಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲಿಯೇ ಮುಚ್ಚಳವನ್ನು ಕೊಟ್ಟಾಗಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ಅದು ಕದ್ದ ಗುಪ್ತಪದಗಳ ಮೂಲಕ ಮುಚ್ಚಳ ಹಾಕಿಕೊಂಡಿದ್ದ ಯಂತ್ರಗಳಿಗೂ ಹಬ್ಬಿತು. ಮೊದಲು ಹೊರಟದ್ದಂತೂ ಉಕ್ರೇನಿನ ಲೆಕ್ಕಪತ್ರದ ತಂತ್ರಾಂಶವೊಂದರ ಅಪ್‌ಡೇಟಿನ ವೇಷದಲ್ಲಿಯೇ. ಹಿರಿಯರ ಶಂಕೆ ನಿರಾಧಾರವಲ್ಲವೆಂದು ನಾನು ಒಪ್ಪುವುದು ಇಷ್ಟರಮಟ್ಟಿಗೆ. ಅಪ್‌ಡೇಟಿಗೆ ಮೊಬೈಲಿನ ಸೆಟ್ಟಿಂಗ್ಸ್ ಅಥವಾ ಪ್ಲೇ ಸ್ಟೋರಿಗೆ ನಾವೇ ಹೋಗತಕ್ಕದ್ದು; ವಾಟ್ಸಾಪಿನಲ್ಲಿ ಬ್ಯಾಂಕಿನ ಹೆಸರು ಹೇಳಿಕೊಂಡು ಬರುವ ಕೊಂಡಿಗಳನ್ನು ಮುಟ್ಟತಕ್ಕದ್ದಲ್ಲ.

ಅವರ ಮೊಬೈಲಿಗೆ ಅಂದು ಮಾಡಿದ ಉಪಚಾರ ಇಷ್ಟೆ: ಚಿತ್ರಗಳನ್ನೂ ದೂರವಾಣಿ ಸಂಖ್ಯೆಗಳನ್ನೂ ಬೇರೊಂದೆಡೆ ನಕಲು ಮಾಡಿ, ಸುಪ್ರಭಾತದ ಸಂದೇಶಗಳ ಹೂವು-ದೀಪಗಳ ರಾಶಿಯನ್ನು ಅಳಿಸಿ ಜಾಗ ಬಿಡಿಸಿ, ಚಾರ್ಜರ್ ಸಿಕ್ಕಿಸಿ, ವೈಫೈ ಕೂಡಿಸಿ, ಗುಂಡಿ ಒತ್ತಿ ಕಾದದ್ದು. ಈಚಿನ ಬಹುತೇಕ ಆಂಡ್ರಾಯ್ಡ್ ಮೊಬೈಲುಗಳು ಹೊಸ ತಂತ್ರಾಂಶವನ್ನು ಹಳೆಯದರ ಮೇಲೆ ಬರೆಯದೆ, ಪಕ್ಕದ ಬೇರೊಂದು ಕೋಣೆಯಲ್ಲಿ ಸಿದ್ಧಪಡಿಸಿಕೊಂಡು, ಮರುಚಾಲನೆಯ ಹೊತ್ತಿನಲ್ಲಿ ಅಲ್ಲಿಗೆ ವಾಸ ಬದಲಿಸುತ್ತವೆ. ಅಲ್ಲಿ ಏನಾದರೂ ಕೆಟ್ಟರೆ ಹಳೆಯ ಕೋಣೆಗೇ ಹಿಂದಿರುಗುತ್ತವೆ. ಇದನ್ನು ಕೇಳಿದ ಮೇಲೆಯೇ ಅವರು ಕುರ್ಚಿಗೆ ಬೆನ್ನು ಒರಗಿಸಿದ್ದು.

ಮೊಬೈಲಿನ ಮಾತು ಹಾಗಿರಲಿ, ಗಣಕದ ದೂರುಗಳಲ್ಲಿಯೂ ಹಲವು ಒಮ್ಮೆ ಮರುಚಾಲನೆ ಮಾಡಿದರೆ ತೀರುವಂಥವು. "ದಿನಾ ರಾತ್ರಿ ಆರಿಸುತ್ತೇನಲ್ಲ" ಎಂದು ವಾದಿಸುವವರು ತಿಳಿಯಬೇಕಾದ ಸೂಕ್ಷ್ಮವೊಂದುಂಟು: ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಇರುವ ಗಣಕ, 'ಶಟ್ ಡೌನ್' ಎಂದಾಗ ತನ್ನ ಅಂತರಂಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮಲಗುತ್ತದೆ, ಮರುದಿನ ಅದನ್ನೇ ಹೊದ್ದು ಏಳುತ್ತದೆ. ನಿಜವಾದ ಸ್ನಾನ 'ರೀಸ್ಟಾರ್ಟ್' ಮಾತ್ರ. ಅದಕ್ಕೂ ಜಗ್ಗದೆ ತೆವಳುವ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಕಿಟಕಿಯಲ್ಲಿ, ಕರೆಯದೆಯೇ ಆರಂಭದಲ್ಲಿ ಬಂದು ಕೂರುವ ಅತಿಥಿಗಳನ್ನು 'ಸ್ಟಾರ್ಟಪ್' ಪಟ್ಟಿಯಿಂದ ಕಳುಹಿಸಿಬಿಡಬಹುದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಸ್ವಯಂವೈದ್ಯ ಸಲ್ಲದು. ಅದು ಅಂಗಡಿಯವರ ಕೆಲಸ.

ಮೊಬೈಲು ಸುಸೂತ್ರವಾಗಿ ಎದ್ದುಕೊಂಡದ್ದರಿಂದ ಧೈರ್ಯಗೊಂಡ ಹಿರಿಯರು ಮರುದಿನ ಲ್ಯಾಪ್‌ಟಾಪನ್ನೇ ಹೊತ್ತು ತಂದರು. ಇಲ್ಲಿನ ಎನ್.ಕೆ.ಇ.ಎಸ್. ಶಾಲೆಯಲ್ಲಿ ಕನ್ನಡ ಕಲಿತ ದಿನಗಳನ್ನು ಕುರಿತು ಹಿಂದೆಂದೋ 'ನುಡಿ' ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡಿಟ್ಟಿದ್ದ ನೆನಪುಗಳು ಈಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದುವು. ಅದು ವೈರಸ್ ಅಲ್ಲ; 'ಬರಹ', 'ನುಡಿ' ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದುದರಿಂದ, ಆ ಫಾಂಟು ಇಲ್ಲದ ಗಣಕದಲ್ಲಿ ಮನೆಯ ಮೂಲ ಒಡೆಯನೇ ಕಾಣಿಸಿಕೊಳ್ಳುತ್ತಾನೆ. ಯುನಿಕೋಡಿಗೆ ಪರಿವರ್ತಿಸಿದರೆ ಆಯಿತು. ಆ ಸೌಕರ್ಯ ನುಡಿಯಲ್ಲೂ ಬರಹದಲ್ಲೂ ಉಂಟು. ಪರಿವರ್ತಿಸಿದೆವು. ಪರದೆಯ ಮೇಲೆ ಕನ್ನಡ ತುಂಬಿಕೊಂಡಿತು. ಅವರು ಬಹಳ ಹೊತ್ತು ಮೌನವಾಗಿ ಓದಿ, ಕನ್ನಡಕವನ್ನು ಮೇಲೇರಿಸಿ, "ಇಲ್ಲೊಂದು ಒತ್ತಕ್ಷರ ತಪ್ಪಿದೆಯಲ್ಲ" ಎನ್ನುತ್ತ, ಕೀಲಿಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.