ಮನೆಪಾಠದಲ್ಲಿ ವಿದ್ಯಾರ್ಥಿಯ ಕರ್ತವ್ಯ

ಪರೀಕ್ಷೆಯ ಕಾಲ ಸಮೀಪಿಸಿದಂತೆಲ್ಲ ಮಕ್ಕಳಿಗೆ ಮನೆಪಾಠದ ಏರ್ಪಾಡು ಮಾಡುವ ಚಿಂತೆ ತಂದೆತಾಯಿಗಳನ್ನು ಕಾಡತೊಡಗುತ್ತದೆ. ಕೂಲಿಯಿಂದ ಬಂದ ಹಣ, ತುಂಡು ಹೊಲದ ಫಸಲಿನಿಂದ ಉಳಿದ ಹಣ ಇದಕ್ಕಾಗಿ ವಿನಿಯೋಗವಾಗುತ್ತದೆ. ಪಾಠ ಹೇಳುವವರು ಯಾರು, ವಾರಕ್ಕೆ ಎಷ್ಟು ದಿನ, ತಿಂಗಳಿಗೆ ಎಷ್ಟು ಹಣ ಎಂಬ ವಿಚಾರಗಳನ್ನು ಎಲ್ಲರೂ ಮಾಡುತ್ತಾರೆ. ಆ ಒಂದು ಗಂಟೆಯಲ್ಲಿ ವಿದ್ಯಾರ್ಥಿಯಾದವನು ಮಾಡಬೇಕಾದುದೇನು ಎಂಬುದನ್ನು ವಿಚಾರಿಸುವವರು ವಿರಳ. ಅಕ್ಷರ ಬಾರದ ಮನೆಯಿಂದ ಬಂದ ಹುಡುಗನಿಗೆ ತಪ್ಪನ್ನು ತೋರಿಸಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಅವನ ಪಾಲಿಗೆ ಆ ಗಂಟೆಯೇ ಸರ್ವಸ್ವ. ಅದು ವ್ಯರ್ಥವಾದರೆ ಹಣದ ಜೊತೆಗೆ ಆತ್ಮವಿಶ್ವಾಸವೂ ನಷ್ಟವಾಗುತ್ತದೆ. ಮನೆಯಲ್ಲಿ ನಡೆಯುವ ಪಾಠಕ್ಕೂ ಶಾಲೆ ಬಿಟ್ಟ ಮೇಲೆ ವಸತಿನಿಲಯದಲ್ಲಿ ನಡೆಯುವ ವಿಶೇಷ ಪಾಠಕ್ಕೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಇಂತಹ ಪಾಠದಿಂದ ಪ್ರಯೋಜನವಿದೆ ಎಂಬುದು ನಿರ್ವಿವಾದ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಅವರು 1984ರಲ್ಲಿ ಪ್ರಕಟಿಸಿದ ಲೇಖನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಸುಮಾರು 30 ಮಂದಿಯ ತರಗತಿಯಲ್ಲಿ ಕಲಿತವರನ್ನೂ ಬಿಡಿಯಾಗಿ ಪಾಠ ಹೇಳಿಸಿಕೊಂಡವರನ್ನೂ ಅಲ್ಲಿ ಹೋಲಿಸಲಾಗಿತ್ತು. ಬಿಡಿಪಾಠದ ಸಾಧಾರಣ ವಿದ್ಯಾರ್ಥಿಯು ತರಗತಿಯ ಶೇಕಡಾ 98ರಷ್ಟು ವಿದ್ಯಾರ್ಥಿಗಳನ್ನು ಮೀರಿಸಿದನೆಂದು ಅವರು ವರದಿ ಮಾಡಿದರು. ಅನಂತರ ನಡೆದ ಪರಿಶೀಲನೆಗಳಲ್ಲಿ ಲಾಭವು ಇಷ್ಟು ದೊಡ್ಡದಾಗಿ ಕಂಡುಬಂದಿಲ್ಲ. ಆದರೂ ಲಾಭವಿದೆಯೆಂಬುದನ್ನು ಅವೂ ಸಮರ್ಥಿಸುತ್ತವೆ.

ಈ ಲಾಭದ ಮೂಲವೇನು? ಬಹುಮಂದಿ ಭಾವಿಸುವಂತೆ ಅದು ಕೇವಲ ಉಪಾಧ್ಯಾಯರ ಪಾಂಡಿತ್ಯವಲ್ಲ. 1994ರಲ್ಲಿ ಆರ್ಥರ್ ಗ್ರೇಸರ್ ಮತ್ತು ನಟಾಲಿ ಪರ್ಸನ್ ಎಂಬ ಸಂಶೋಧಕರು ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನು ಎಣಿಸಿ ನೋಡಿದರು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು ಗಂಟೆಗೆ ಸರಾಸರಿ 0.11 ಪ್ರಶ್ನೆ ಕೇಳುತ್ತಾನೆ. ಎಂದರೆ ಸುಮಾರು ಒಂಬತ್ತು ಗಂಟೆಗೆ ಒಂದು ಪ್ರಶ್ನೆ! ಬಿಡಿಪಾಠದಲ್ಲಾದರೋ ಗಂಟೆಗೆ 26.5 ಪ್ರಶ್ನೆಗಳು ಬಂದವು. ತರಗತಿಯಲ್ಲಿ ಮುಚ್ಚಿದ ಬಾಯಿ ಇಲ್ಲಿ ತೆರೆಯುತ್ತದೆ; ಬಿಡಿಪಾಠದ ವಿಶೇಷವಿರುವುದು ಇಲ್ಲಿಯೇ. ಬಾಯಿ ತೆರೆಯದೆ ಕುಳಿತ ವಿದ್ಯಾರ್ಥಿಗೆ ಮನೆಪಾಠವು ಇನ್ನೊಂದು ತರಗತಿಯೇ ಹೊರತು ಬೇರೇನೂ ಅಲ್ಲ.

ಆದುದರಿಂದ ವಿದ್ಯಾರ್ಥಿಯ ಮೊದಲನೆಯ ಕರ್ತವ್ಯವು ಪಾಠಕ್ಕೆ ಹೋಗುವ ಮುನ್ನವೇ ಆರಂಭವಾಗುತ್ತದೆ. ಬಾರದ ಲೆಕ್ಕವನ್ನು ತಾನೇ ಒಮ್ಮೆ ಮಾಡಲು ಯತ್ನಿಸಿ, ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿಕೊಂಡು ಹೋಗಬೇಕು. ಒಂದು ಉದಾಹರಣೆಯನ್ನು ನೋಡೋಣ. 7 − 2(ಕ − 3) = 5 ಎಂಬ ಸಮೀಕರಣದಲ್ಲಿ ‘ಕ’ದ ಬೆಲೆಯನ್ನು ಕಂಡುಹಿಡಿಯಬೇಕಾಗಿದೆ. ವಿದ್ಯಾರ್ಥಿಯು ಆವರಣವನ್ನು ಬಿಡಿಸುವಾಗ 7 − 2ಕ − 6 = 5 ಎಂದು ಬರೆದು, ‘ಕ’ದ ಬೆಲೆ −2 ಎಂಬ ಉತ್ತರಕ್ಕೆ ಬರುತ್ತಾನೆ. ಇದನ್ನು ಮೂಲ ಸಮೀಕರಣದಲ್ಲಿ ಆದೇಶಿಸಿ ನೋಡಿದರೆ 5ರ ಬದಲು 17 ಬರುತ್ತದೆ. “ಬೀಜಗಣಿತ ಬರುವುದಿಲ್ಲ” ಎಂದು ಹೇಳಿದರೆ ಉಪಾಧ್ಯಾಯರು ಅಧ್ಯಾಯವನ್ನೆಲ್ಲ ಮತ್ತೆ ಹೇಳಬೇಕಾಗುತ್ತದೆ. “ಆವರಣ ಬಿಡಿಸಿದ ಮೇಲೆ ಲೆಕ್ಕ ತಪ್ಪುತ್ತಿದೆ, ಚಿಹ್ನೆ ಏನಾಗುತ್ತದೆ?” ಎಂದು ಕೇಳಿದರೆ, ಋಣ 2ರಿಂದ ಋಣ 3ನ್ನು ಗುಣಿಸಿದಾಗ ಧನ 6 ಬರುವುದೆಂದು ಅವರು ಎರಡು ನಿಮಿಷದಲ್ಲಿ ತೋರಿಸಬಲ್ಲರು. ಆಗ ‘ಕ’ದ ಬೆಲೆ 4 ಎಂದು ವಿದ್ಯಾರ್ಥಿಯೇ ಕಂಡುಕೊಳ್ಳುತ್ತಾನೆ. ತಪ್ಪು ಮಾಡಿದ ಹಾಳೆಯನ್ನು ಅಳಿಸದೆ ಹಾಗೆಯೇ ಒಯ್ಯಬೇಕು. ವೈದ್ಯರ ಬಳಿಗೆ ಹೋದವನು ನೋವಿನ ಜಾಗವನ್ನು ಮರೆಮಾಚುವುದುಂಟೆ?

ಎರಡನೆಯ ಕರ್ತವ್ಯ ಪಾಠ ನಡೆಯುವಾಗಿನದು. “ತಿಳಿಯಿತೇ?” ಎಂದು ಗುರುಗಳು ಕೇಳಿದೊಡನೆ “ತಿಳಿಯಿತು” ಎಂದು ತಲೆಯಾಡಿಸುವುದು ನಮ್ಮ ಮಕ್ಕಳಲ್ಲಿ ವಿನಯದ ಲಕ್ಷಣವೆನಿಸಿದೆ. ವಿನಯವೇನೋ ಒಳ್ಳೆಯದೇ, ಆದರೆ ತಿಳಿಯದುದನ್ನು ತಿಳಿಯಿತೆನ್ನುವುದು ವಿನಯವಲ್ಲ, ಸಂಕೋಚ. ಅದರ ಬದಲು “ನಾನು ತಿಳಿದುಕೊಂಡುದನ್ನು ಹೇಳುತ್ತೇನೆ, ಸರಿಯೇ ನೋಡಿ” ಎಂದು ತನ್ನ ಮಾತಿನಲ್ಲಿ ವಿವರಿಸಬೇಕು. ಲೇಖನಿಯು ವಿದ್ಯಾರ್ಥಿಯ ಕೈಯಲ್ಲಿರಬೇಕು. ಗುರುಗಳು ಬಿಡಿಸಿದ ಹತ್ತು ಲೆಕ್ಕಗಳನ್ನು ನೋಡುವುದಕ್ಕಿಂತ ತಾನು ತಡವರಿಸುತ್ತ ಬಿಡಿಸಿದ ಎರಡು ಲೆಕ್ಕಗಳು ಮೇಲು.

ಇಲ್ಲಿ ಉಪಾಧ್ಯಾಯರ ಸಹನೆಯೂ ಅಗತ್ಯ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುವುದು ಸುಮಾರು ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವೂ ಸಕಾರಣವೂ ಆದವು. ಅದುವರೆಗೆ ಮೌನವಾಗಿದ್ದ ಮಕ್ಕಳೂ ಮಾತನಾಡತೊಡಗಿದರು.

ಮೂರನೆಯದು ಪಾಠ ಮುಗಿದ ಮೇಲಿನ ಕರ್ತವ್ಯ. ‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ?’ ಎಂಬ ಗಾದೆ ನಮ್ಮಲ್ಲಿ ಪ್ರಚಲಿತವಾಗಿದೆ. ಇದರ ಸತ್ಯವನ್ನು ಪ್ರಯೋಗಗಳೂ ತೋರಿಸಿವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಒಂದೇ ಗದ್ಯಭಾಗವನ್ನು ಎರಡು ಗುಂಪುಗಳಿಗೆ ಕೊಟ್ಟರು. ಒಂದು ಗುಂಪಿನವರು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪಿನವರು ಒಂದು ಸರದಿ ಓದಿ, ಮೂರು ಸರದಿ ಗದ್ಯವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ಅನಂತರದ ಪರೀಕ್ಷೆಯಲ್ಲಿ ಓದಿದವರೇ ಮುಂದಿದ್ದರು. ಒಂದು ವಾರದ ಅನಂತರವಾದರೋ ಓದಿದವರಿಗೆ ನೆನಪಿನಲ್ಲಿ ಉಳಿದದ್ದು ಶೇಕಡಾ 40, ಬರೆದವರಿಗೆ ಶೇಕಡಾ 61. ಆ ಕ್ಷಣದಲ್ಲಿ ಸುಲಭವೆನಿಸಿದ್ದು ಬಾಳಲಿಲ್ಲ. ಕಷ್ಟಪಟ್ಟು ನೆನೆದದ್ದು ಉಳಿಯಿತು. ಆದಕಾರಣ ಪಾಠ ಮುಗಿಸಿ ಬಂದ ದಿನವೇ ಪುಸ್ತಕವನ್ನು ಮುಚ್ಚಿ, ಕಲಿತುದನ್ನು ಬಿಳಿಯ ಹಾಳೆಯ ಮೇಲೆ ಬರೆಯಬೇಕು. ಎರಡು ಮೂರು ದಿನ ಕಳೆದು ಮತ್ತೊಮ್ಮೆ ಬರೆಯಬೇಕು. ಎಲ್ಲಿ ಕೈ ನಿಲ್ಲುವುದೋ ಅದೇ ಮುಂದಿನ ಪಾಠದ ಮೊದಲ ಪ್ರಶ್ನೆ.

ಹಿರಿಯರ ಹೊಣೆಯ ಬಗೆಗೂ ಎರಡು ಮಾತು ಹೇಳುವುದು ಅವಶ್ಯ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಪ್ರಕರಣವು ಶಾಲಾ ಶಿಕ್ಷಕರು ಖಾಸಗಿ ಮನೆಪಾಠ ಹೇಳುವುದನ್ನು ನಿಷೇಧಿಸಿದೆ. ಅದೇ ಕಾಯಿದೆಯ 24ನೆಯ ಪ್ರಕರಣವು ಪ್ರತಿ ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚಿನ ಬೋಧನೆ ನೀಡುವುದನ್ನು ಶಿಕ್ಷಕರ ಕರ್ತವ್ಯವೆಂದು ವಿಧಿಸಿದೆ. ಹಣಕ್ಕೆ ಮಾರುವ ಪಾಠವನ್ನು ತಡೆದು, ಬೇಕಾದವನಿಗೆ ಶಾಲೆಯಲ್ಲಿಯೇ ದೊರೆಯುವಂತೆ ಮಾಡಬೇಕೆಂಬುದು ಇದರ ಆಶಯ. ಸಂಜೆಯ ಪಾಠಕ್ಕಾಗಿ ಒಂದು ಕೋಣೆ, ಒಂದು ದೀಪ, ನಾಲ್ಕೈದು ಮಕ್ಕಳಿಗೆ ಒಬ್ಬ ಮಾರ್ಗದರ್ಶಕ, ಇಷ್ಟನ್ನು ಒದಗಿಸುವ ದಾನಿಯ ಉಪಕಾರವು ಕಟ್ಟಡ ಕಟ್ಟಿಸಿದವನ ಉಪಕಾರಕ್ಕಿಂತ ಕಡಿಮೆಯದಲ್ಲ. ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆಯನ್ನು ಕೊಟ್ಟರೂ ಸಾಕು.

ಮನೆಪಾಠವು ಸಫಲವಾಯಿತೆಂಬುದಕ್ಕೆ ಗುರುತು ಒಂದೇ: ದಿನ ಕಳೆದಂತೆ ವಿದ್ಯಾರ್ಥಿಗೆ ಅದರ ಅಗತ್ಯ ಕಡಿಮೆಯಾಗಬೇಕು. ಪ್ರಶ್ನೆಯೊಡನೆ ಹೋಗಿ, ಮಾತನಾಡಿ ಕಲಿತು, ಮನೆಗೆ ಬಂದು ತಾನೇ ಮಾಡಿ ನೋಡುವ ವಿದ್ಯಾರ್ಥಿಯು ಒಂದು ದಿನ ಯಾರ ನೆರವೂ ಇಲ್ಲದೆ ಹೊಸ ಲೆಕ್ಕದ ಮುಂದೆ ಧೈರ್ಯದಿಂದ ಕುಳಿತುಕೊಳ್ಳುತ್ತಾನೆ. ತಂದೆತಾಯಿಗಳ ಬೆವರಿನ ಹಣಕ್ಕೆ ಅದಕ್ಕಿಂತ ಮಿಗಿಲಾದ ಪ್ರತಿಫಲ ಬೇರೊಂದಿಲ್ಲ.