ಬಹುಮಾನಕ್ಕೊಂದು ಕೊನೆ ಇರಲಿ

ಧನ್ವಾಡ, ಮಕ್ತಲ್, ಕೃಷ್ಣಾ, ಗದ್ವಾಲ ಕಡೆಯ ಕನ್ನಡದ ಮನೆಗಳಲ್ಲಿ ಬೆಳೆಯುವ ಮಗುವಿಗೆ ಭಾಷೆಗಳ ಬರವಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಇವೆರಡರ ಜೊತೆಗೆ ಉರ್ದು, ಮುಂದಿನ ಓದಿಗೆ ಇಂಗ್ಲಿಷ್. 1956ರವರೆಗೆ ಹೈದರಾಬಾದ್ ರಾಜ್ಯದೊಳಗೆ ರಾಯಚೂರು, ಗುಲಬರ್ಗಾಗಳ ಜೊತೆಗಿದ್ದ ಈ ಸೀಮೆ ಭಾಷಾವಾರು ವಿಂಗಡಣೆಯಲ್ಲಿ ಆಂಧ್ರಕ್ಕೆ ಸೇರಿ, 2014ರಲ್ಲಿ ತೆಲಂಗಾಣದ ಪಾಲಾಯಿತು. 2018ರಲ್ಲಿ ಆ ರಾಜ್ಯ ಎಲ್ಲ ಶಾಲೆಗಳಲ್ಲೂ ತೆಲುಗನ್ನು ಕಡ್ಡಾಯ ಮಾಡುವ ಕಾಯ್ದೆ ತಂದಿತು. ಕನ್ನಡ ಮಾಧ್ಯಮದ ಶಾಲೆಗೆ ಹೋಗದ ಮಗು ಹೀಗಾಗಿ ಕನ್ನಡವನ್ನು ಆಡುತ್ತದೆ, ಓದುವುದಿಲ್ಲ. ಈಗ ಮನೆಮನೆಯಲ್ಲೂ ಮೊಬೈಲ್ ಇರುವುದರಿಂದ ಸಹಜವಾಗಿ ಏಳುವ ಪ್ರಶ್ನೆ: ದಿನಕ್ಕೊಂದು ಗುರಿ ಕೊಟ್ಟು, ಮುಗಿಸಿದರೆ ಅಂಕ, ನಕ್ಷತ್ರ, ಪದಕ ಕೊಡುವ ಆ್ಯಪ್‌ಗಳ ಉಪಾಯದಿಂದ ಈ ಕೊರತೆ ತುಂಬೀತೆ? ತುಂಬಬಹುದು ಎಂದೇ ನನ್ನ ಎಣಿಕೆ. ಆದರೆ ಆ್ಯಪ್‌ಗಳು ಅದನ್ನು ಈಗ ನಡೆಸುತ್ತಿರುವ ರೀತಿಯಲ್ಲಿ ಅಲ್ಲ.

ಬಹುಮಾನ ಕೊಟ್ಟರೆ ಕಲಿಯುವ ಆಸೆಯೇ ಸಾಯುತ್ತದೆ ಎನ್ನುವವರಿದ್ದಾರೆ. ಅವರ ಕೈಯಲ್ಲಿರುವ ಪುರಾವೆ ಹಗುರವಾದದ್ದಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಚಿತ್ರ ಬರೆಯುವುದನ್ನು ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು, ಕೆಲವರಿಗೆ ಹೇಳದೆಯೇ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಕಳೆದ ಮೇಲೆ ನೋಡಿದರೆ, ಪ್ರಶಸ್ತಿಯ ಆಸೆಗೆ ಬರೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಹಿಡಿದರು. ಈ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ, ಅದರ ಷರತ್ತನ್ನು ಮಾತ್ರ ಮರೆಯುತ್ತಾರೆ. ಅವರೆಲ್ಲ ಮೊದಲೇ ಚಿತ್ರ ಬರೆಯುವ ಹುಚ್ಚಿನ ಮಕ್ಕಳು. ಬಹುಮಾನ ಕೆಡಿಸಿದ್ದು ಇದ್ದ ಪ್ರೀತಿಯನ್ನು. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತು ಸಂಗಡಿಗರು ಇಂಥ 128 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಹಾನಿ ಕಂಡದ್ದು ರುಚಿಸುವ ಕೆಲಸದಲ್ಲಿ. ಬೇಸರದ ಕೆಲಸದಲ್ಲಿ ಅಂಥ ಹಾನಿ ಕಾಣಲಿಲ್ಲ. ಅಕ್ಷರ ತಿದ್ದುವುದು, ಒತ್ತಕ್ಷರ ಗುರುತಿಸುವುದು, ಕಾಗುಣಿತ ಬಾಯಿಗೆ ಹತ್ತಿಸುವುದು ಯಾವ ಮಗುವಿಗೆ ತಾನಾಗಿ ರುಚಿಸೀತು? ಅಲ್ಲಿ ನಾಲ್ಕು ನಕ್ಷತ್ರ ಕೊಟ್ಟರೆ ಕೆಡುವುದಕ್ಕೆ ಏನೂ ಇಲ್ಲ. ಅಜ್ಜಿ ಹೇಳುವ ಕಥೆ ಕೇಳಿದ್ದಕ್ಕೆ ಅಂಕ ಕೊಡಲು ಹೊರಟರೆ ಮಾತ್ರ ಲೆಪ್ಪರ್ ಎಚ್ಚರಿಸಿದ್ದು ನಿಜವಾಗುತ್ತದೆ.

ಈ ಸೀಮೆಯ ಮಗುವಿಗೆ ಇಲ್ಲೊಂದು ಅನುಕೂಲವಿದೆ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ಶಾಲೆಯಲ್ಲಿ ತೆಲುಗು ಓದಲು ಕಲಿತ ಮಗುವಿಗೆ ನಮ್ಮ ಗ, ಜ, ಬ, ರ, ಲಗಳು ಹೆಚ್ಚುಕಡಿಮೆ ಪರಿಚಿತ ಮುಖಗಳೇ. ಕ, ತ, ಶ, ಹಗಳಂಥವು ಬೇರೆ. ತಲೆಕಟ್ಟಿನ ರೀತಿ ಬೇರೆ. ಗುಣಿತದ ಕೆಲವು ಚಿಹ್ನೆಗಳು ಬೇರೆ. ವರ್ಣಮಾಲೆಯ 49 ಅಕ್ಷರಗಳಲ್ಲಿ ಮಗು ಹೊಸದಾಗಿ ಕಲಿಯಬೇಕಾದದ್ದು ಒಂದು ಪಾಲು ಮಾತ್ರ. ಪದಗಳ ಅರ್ಥ ಮನೆಮಾತಿನಿಂದಲೇ ಬಂದಿರುತ್ತದೆ. ಬೆಂಗಳೂರಿಗೆ ಬಂದು ಕನ್ನಡ ಕಲಿಯುವ ಉತ್ತರದವರಿಗೆ ಲಿಪಿಯೂ ಹೊಸದು, ಮಾತೂ ಹೊಸದು. ಇಲ್ಲಿಯ ಮಗುವಿಗೆ ಮಾತೂ ಇದೆ, ಲಿಪಿಯ ಅರ್ಧದಾರಿಯೂ ಸವೆದಿದೆ. ಅಂದರೆ ಇದು ಮುಗಿಯುವ ಕೆಲಸ. ದಿನಕ್ಕೆ ಒಂದೋ ಎರಡೋ ಅಕ್ಷರ, ಅವುಗಳ ಗುಣಿತ, ಹಿಂದಿನ ದಿನದ್ದನ್ನು ಮತ್ತೊಮ್ಮೆ ನೋಡುವುದು: ಇಷ್ಟು ಗುರಿ ಸಾಕು.

ಜನಪ್ರಿಯ ಆ್ಯಪ್‌ಗಳೊಂದಿಗೆ ನನ್ನ ತಕರಾರು ಇರುವುದು ಇಲ್ಲಿ. ಅವುಗಳ ‘ಸ್ಟ್ರೀಕ್’, ಅಂದರೆ ಸತತ ದಿನಗಳ ಲೆಕ್ಕ, ಎಲ್ಲಿಗೂ ಮುಟ್ಟುವುದಿಲ್ಲ. ನೂರು ಆದರೆ ಇನ್ನೂರು, ಇನ್ನೂರಾದರೆ ಐನೂರು. ಒಂದು ದಿನ ತಪ್ಪಿದರೆ ಸೊನ್ನೆ. ಗಳಿಸುವ ಸಂತೋಷಕ್ಕಿಂತ ಕಳೆದುಕೊಳ್ಳುವ ನೋವು ಮನುಷ್ಯನಿಗೆ ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಕಾನ್‌ಮನ್ ಮತ್ತು ಟ್ವರ್‌ಸ್ಕಿ 1979ರಲ್ಲೇ ತೋರಿಸಿದ್ದಾರೆ; ಈ ಲೆಕ್ಕ ಆ ನೋವಿನ ಮೇಲೆಯೇ ನಿಂತಿದೆ. 2021ರಲ್ಲಿ ಷೇರು ಮಾರುಕಟ್ಟೆಗೆ ಬಂದ, ಭಾಷೆ ಕಲಿಸುವ ಆ್ಯಪ್ ಡುವೊಲಿಂಗೊ, ದಿನಕ್ಕೆ ಎಷ್ಟು ಜನ ಆ್ಯಪ್ ತೆರೆದರು ಎಂಬ ಅಂಕಿಯನ್ನು ಹೂಡಿಕೆದಾರರ ಮುಂದಿಡುತ್ತದೆ. ಜನ ದಿನವೂ ತೆರೆಯುವುದು ಕಂಪನಿಗೆ ಬೇಕು. ಅದರಲ್ಲಿ ಮೋಸವೇನಿಲ್ಲ, ಆದರೆ ಕಲಿಯುವವನಿಗೆ ಬೇಕಾದದ್ದೂ ಅದೇ ಎಂದು ನಂಬಬೇಕಾಗಿಲ್ಲ. ರಾತ್ರಿ ಮಲಗುವ ಮುಂಚೆ ಅತಿ ಸುಲಭದ ಪಾಠವೊಂದನ್ನು ಒತ್ತಿ ಲೆಕ್ಕ ಉಳಿಸಿಕೊಂಡವರಿಗೆ ಹೊಸದೊಂದು ಪದವೂ ಬಂದಿರುವುದಿಲ್ಲ.

ದಿನ ತಪ್ಪಿದರೆ ಅಭ್ಯಾಸವೇ ತಪ್ಪುತ್ತದಲ್ಲ, ಆ ಹೆದರಿಕೆ ಇರಲಿ ಬಿಡಿ ಎಂದು ವಾದಿಸಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನ ಹೊಸ ಅಭ್ಯಾಸವೊಂದನ್ನು ರೂಢಿಸಿಕೊಳ್ಳುವುದನ್ನು ಹನ್ನೆರಡು ವಾರ ಗಮನಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಭ್ಯಾಸ ಬಲಿಯಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕೆಂದು ಅಂದಾಜಾಯಿತು. ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಹಳೆಯ ಪಾಲಮೂರು ಜಿಲ್ಲೆಯ ಈ ಭಾಗಕ್ಕೆ ಈ ಮಾತು ಹೆಚ್ಚು ಮುಖ್ಯ. ಪಾಲಮೂರಿನಿಂದ ಕೂಲಿಗೆ ಗುಳೆ ಹೋಗುವುದು ತಲೆಮಾರುಗಳಿಂದ ನಡೆದುಬಂದದ್ದು. ಹತ್ತಿ ಬಿಡಿಸುವ ಕಾಲದಲ್ಲಿ ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಅಂಥ ಮನೆಯ ಮಗುವಿನ ಲೆಕ್ಕವನ್ನು ಸೊನ್ನೆಗೆ ಇಳಿಸುವ ನಿಯಮ, ಯಾರಿಗೆ ಪ್ರೋತ್ಸಾಹ ಹೆಚ್ಚು ಬೇಕೋ ಅವರನ್ನೇ ಹೊರಗೆ ದಬ್ಬುತ್ತದೆ. ವಾರದ ಗುರಿ ಇಡಿ, ಏಳರಲ್ಲಿ ನಾಲ್ಕು ದಿನವಾದರೆ ಪೂರ್ತಿ ಅಂಕ ಕೊಡಿ.

ಭಾಷೆಗೆ ಕೊನೆಯೇ ಇಲ್ಲವಲ್ಲ, ಬಹುಮಾನಕ್ಕೆ ಮಾತ್ರ ಹೇಗೆ ಕೊನೆ ಎಂಬ ಆಕ್ಷೇಪಕ್ಕೆ ಉತ್ತರ ನಮ್ಮಲ್ಲೇ ಇದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಕಾವ, ಜಾಣ, ರತ್ನ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿದೆ. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾಗಳನ್ನು ಕಟ್ಟಿದ ಕನ್ನಡಿಗರಂತೂ ಅಸಂಖ್ಯ. ಅವೂ ಬಹುಮಾನದ ಏಣಿಗಳೇ, ಪ್ರಮಾಣಪತ್ರದ ಆಸೆಗೇ ಹಲವರು ಓದಿದ್ದು. ಆದರೆ ಪ್ರತಿ ಮೆಟ್ಟಿಲಿಗೂ ಒಂದು ಪಠ್ಯವಿತ್ತು, ಒಂದು ದಿನ ಅದು ಮುಗಿಯುತ್ತಿತ್ತು, ಬೇಕಾದವರು ಅಲ್ಲಿಗೇ ನಿಲ್ಲಬಹುದಿತ್ತು. ನಿಂತವರ ಕೈಯಲ್ಲೂ ಕಲಿತದ್ದು ಉಳಿಯುತ್ತಿತ್ತು. ಉರುಹೊಡೆದು ಪಾಸಾದವರು ಬೇಕಾದಷ್ಟು ಜನ, ಒಪ್ಪೋಣ. ಅದು ಪ್ರಶ್ನೆಪತ್ರಿಕೆಯ ದೋಷ, ಏಣಿಯದ್ದಲ್ಲ.

ಗಡಿಯ ಮಕ್ಕಳಿಗಾಗಿ ಯಾರಾದರೂ ಕನ್ನಡದ ಆ್ಯಪ್ ಮಾಡುವುದಾದರೆ, ತೆಲುಗು ಲಿಪಿಯಿಂದ ಕನ್ನಡಕ್ಕೆ ದಾಟಿಸುವ ಮೊದಲ ಮೆಟ್ಟಿಲಿಗೆ ನಕ್ಷತ್ರ, ಪದಕಗಳನ್ನು ಧಾರಾಳವಾಗಿ ಇಡಲಿ. ಎರಡನೆಯ ಮೆಟ್ಟಿಲಲ್ಲಿ ಅಂಕವನ್ನು ಪರದೆಯ ಹೊರಗಿನ ಓದಿಗೆ ಕೊಡಲಿ: ರಾಯಚೂರಿನ ಬಸ್ಸಿನ ಬೋರ್ಡು, ಪತ್ರಿಕೆಯ ಒಂದು ತಲೆಬರಹ, ಮದುವೆಯ ಕರೆಯೋಲೆ. ಮಗು ಗಟ್ಟಿಯಾಗಿ ಓದಿದ್ದನ್ನು ಮನೆಯ ಹಿರಿಯರೊಬ್ಬರು ಕೇಳಿ ‘ಸರಿ’ ಎಂದರೆ ಅಂಕ ಬರಲಿ; ಓದು ಬಾರದ ಅಜ್ಜಿಗೂ ಕೇಳಿದ ಕನ್ನಡ ಸರಿಯೋ ತಪ್ಪೋ ಗೊತ್ತಾಗುತ್ತದೆ. ಮೂರನೆಯ ಮೆಟ್ಟಿಲಿಗೆ ಅಂಕವೇ ಬೇಡ, ಕಥೆಪುಸ್ತಕಗಳ ಪಟ್ಟಿಯೊಂದನ್ನು ಕೊಟ್ಟು ನೋಟಿಫಿಕೇಶನ್ ನಿಲ್ಲಿಸಿಬಿಡಲಿ. ಹೂಡಿಕೆದಾರರಿಗೆ ಇದು ಒಪ್ಪಿಗೆಯಾಗಲಾರದು. ಆದ್ದರಿಂದ ಇಂಥದ್ದನ್ನು ಮಾಡಬೇಕಾದವರು ಲಾಭದ ಹಂಗಿಲ್ಲದವರು, ಉದಾಹರಣೆಗೆ ಪರೀಕ್ಷೆ ನಡೆಸಿ ಅನುಭವವಿರುವ ಪರಿಷತ್ತಿನಂಥ ಸಂಸ್ಥೆ.