ನಿಮಗಿದು ಗೊತ್ತೇ? ಜಗತ್ತನ್ನೇ ದುರುಗುಟ್ಟಿ ನೋಡುತ್ತಿದೆ ನಮ್ಮ ‘ಠ’!

ಮೊಬೈಲ್ ತೆರೆದರೆ ಸಾಕು, ನಗುವ ಮುಖ, ಅಳುವ ಮುಖ, ಮುಗಿದ ಕೈ! ಬರಹದಲ್ಲಿ ಇವಕ್ಕೆಲ್ಲ ಜಾಗ ಕೊಡಬೇಕೇ, ಬೇಡವೇ? ಈ ಜಗಳ ಇನ್ನೂ ಹರಿದಿಲ್ಲ. ಅದು ಆಮೇಲೆ. ಮೊದಲು ಈ ಸುದ್ದಿ ಕೇಳಿ. ಇಂಟರ್‌ನೆಟ್‌ನಲ್ಲಿ ದೇಶದೇಶಗಳ ಜನ ಬಳಸುವ ಒಂದು ಸಿಟ್ಟಿನ ಮುಖ ಇದೆ. ಅದರ ಎರಡೂ ಕಣ್ಣು ಅಪ್ಪಟ ಕನ್ನಡದವು!

ಇಗೋ ನೋಡಿ: ಠ_ಠ

ಎರಡು ಠ, ನಡುವೆ ಒಂದು ಗೆರೆ. ಮುಗಿಯಿತು! ದುಂಡನೆಯ ಕಣ್ಣು, ಒಳಗೆ ಚುಕ್ಕೆಯ ಪಾಪೆ, ಮೇಲೆ ತಲೆಕಟ್ಟಿನ ಹುಬ್ಬು. ಮನೆಪಾಠ ಮಾಡದೆ ಬಂದ ಹುಡುಗನನ್ನು ಹೆಡ್‌ಮಾಸ್ತರರು ನೋಡುವ ಹಾಗೇ ಇಲ್ಲವೇ? ಒಂದಕ್ಷರ ಕನ್ನಡ ಬಾರದವರೂ ‘ನೀನು ಮಾಡಿದ್ದು ನನಗೆ ಹಿಡಿಸಲಿಲ್ಲ’ ಎನ್ನಲು ಇದನ್ನೇ ಹಾಕುತ್ತಾರೆ. ಪಾಠ, ಮಠ, ಪೀಠ ಎಂದು ನಾವು ದಿನಾ ಬರೆಯುವ ಅಕ್ಷರ ಇದು ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇಲ್ಲ!

ಕಂಪ್ಯೂಟರ್ ಲೋಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಇದೆ. ಆ ಪಟ್ಟಿಯ ಹೆಸರು ಯುನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ‘ಠ’ದ ನಂಬರ್ ಎಷ್ಟು ಗೊತ್ತೇ? 3232! ನಂಬರಿನಲ್ಲೂ ಜೋಡಿ!

‘ಠ’ ಒಂದೇ ಅಲ್ಲ, ‘ಥ’ ಕೂಡ ದೇಶ ಬಿಟ್ಟು ಹೊರಟಿದೆ. ಥ_ಥ ಎಂದು ಬರೆದರೆ ಅಳುವ ಮುಖ. ಕಣ್ಣಿನ ಕೆಳಗೆ ನೀರು ಇಳಿದಂತೆ ಕಾಣುತ್ತದೆ, ನೀವೇ ನೋಡಿ!

ಇನ್ನೊಂದು ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು: ಠ_ರೃ. ಒಂದೇ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡ ಹಳೇ ಕಾಲದ ಸಾಹೇಬ! ‘ರ’ದ ಗುಂಡಗಿನ ರೂಪವೇ ಆ ಗಾಜು. ಪಕ್ಕದಲ್ಲಿ ಇಳಿಬಿದ್ದ ವಟ್ರಸುಳಿಯೇ ಅದರ ಸರಪಳಿ! ಶಾಲೆಯಲ್ಲಿ ಕಾಗುಣಿತ ಬರೆಯುವಾಗ ವಟ್ರಸುಳಿ ಹೀಗೆ ಉಪಯೋಗಕ್ಕೆ ಬಂದೀತು ಎಂದು ಯಾರಿಗೆ ಗೊತ್ತಿತ್ತು?

ನಮ್ಮ ಅಕ್ಷರಗಳೇ ಯಾಕೆ ಇಷ್ಟು ದುಂಡಗೆ? ಹಿಂದೆ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು ಬರೆಯುತ್ತಿದ್ದರು. ನೆಟ್ಟಗೆ ಗೆರೆ ಎಳೆದರೆ ಗರಿ ಸೀಳುವ ಭಯ. ದುಂಡಗೆ ತಿರುಗಿಸಿದರೆ ಕ್ಷೇಮ ಎಂದು ಬಲ್ಲವರು ಹೇಳುತ್ತಾರೆ.

ನೀವೂ ಬರೆದು ನೋಡುತ್ತೀರಾ? ‘ನುಡಿ’ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಕ್ಯೂ ಒತ್ತಿ. ಠ ಬಂತು!

ಇಂಥ ಮುಖಗಳ ಹಳೇ ಕಥೆ ಬೇಕೇ? ಈಗ ಅಮೆರಿಕಕ್ಕೆ ಬನ್ನಿ. 1982ರ ಸೆಪ್ಟೆಂಬರ್ 19. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತಮಾಷೆಗೆ ಬರೆದದ್ದನ್ನು ಕೆಲವರು ನಿಜವೆಂದು ನಂಬಿ ಗಾಬರಿಯಾಗಿದ್ದರು. ಆಗ ಸ್ಕಾಟ್ ಫಾಲ್‌ಮನ್ ಎಂಬ ವಿಜ್ಞಾನಿ ಒಂದು ಉಪಾಯ ಹೇಳಿದರು. ತಮಾಷೆಗೆ :-) ಹಾಕಿ, ತಮಾಷೆ ಅಲ್ಲದ್ದಕ್ಕೆ :-( ಹಾಕಿ ಎಂದರು. ಅಷ್ಟೇ, ಜಗತ್ತು ಕತ್ತು ವಾಲಿಸಿ ಓದಲು ಕಲಿಯಿತು!

ಆ ಮೂಲ ಸಂದೇಶ ಆಮೇಲೆ ಕಳೆದೇ ಹೋಗಿತ್ತು! ಹಳೇ ಟೇಪುಗಳನ್ನೆಲ್ಲ ಜಾಲಾಡಿ ಅದನ್ನು ಹೊರತೆಗೆದದ್ದು 2002ರಲ್ಲಿ. ಇಪ್ಪತ್ತು ವರ್ಷ ಕತ್ತಲಲ್ಲಿದ್ದ ನಗು!

ಇನ್ನೂ ಹಿಂದಕ್ಕೆ ಹೋಗೋಣವೇ? 1881ರಲ್ಲೇ ಅಮೆರಿಕದ ‘ಪಕ್’ ಎಂಬ ಹಾಸ್ಯಪತ್ರಿಕೆ ಅಚ್ಚುಮೊಳೆ ಜೋಡಿಸಿ ನಾಲ್ಕು ಮುಖ ಮಾಡಿತ್ತು. ಒಂದು ಸಂತೋಷ, ಒಂದು ಬೇಸರ, ಒಂದು ಉದಾಸೀನ, ಒಂದು ಅಚ್ಚರಿ. ಕಂಪ್ಯೂಟರ್ ಇನ್ನೂ ಹುಟ್ಟೇ ಇರಲಿಲ್ಲ!

ಹಾಗಾದರೆ ನಮ್ಮ ಕಡೆ? ಮುಧೋಳದ ರನ್ನನನ್ನೇ ನೆನೆಯಿರಿ. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿ ಎನಿಸಿಕೊಂಡವನು. ಅವನ ‘ಗದಾಯುದ್ಧ’ದ ತುಂಬ ಸಿಟ್ಟು, ಸೆಡವು, ಮೂದಲಿಕೆ. ಆದರೆ ಹತ್ತನೇ ಶತಮಾನದ ಆ ಕವಿ ಒಂದೇ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿಲ್ಲ! ಯಾಕೆಂದರೆ ಆ ಚಿಹ್ನೆ ಆಗ ಕನ್ನಡದಲ್ಲಿ ಇರಲೇ ಇಲ್ಲ. ಪ್ರಶ್ನೆಯ ಚಿಹ್ನೆಯೂ ಇಲ್ಲ. ಅವೆಲ್ಲ ನಮ್ಮಲ್ಲಿ ನೆಲೆ ನಿಂತದ್ದು ಅಚ್ಚುಕೂಟದ ಕಾಲದಲ್ಲಿ. ಇವತ್ತು ಅವಿಲ್ಲದೆ ನಮ್ಮ ಈ ಅಂಕಣವೇ ನಡೆಯದು!

ಚಿಹ್ನೆ ಇರಲಿಲ್ಲ, ಸರಿ. ಚಿತ್ರ ಇತ್ತು! ಹಳೆಯ ದಾನಶಾಸನದ ಕಲ್ಲು ಕಂಡರೆ ತುಸು ನಿಂತು ನೆತ್ತಿಯ ಭಾಗ ನೋಡಿ. ಎಷ್ಟೋ ಕಲ್ಲುಗಳಲ್ಲಿ ಅಕ್ಷರ ಶುರುವಾಗುವ ಮೊದಲೇ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡಿಸುವ ಹಸು. ಸೂರ್ಯಚಂದ್ರರು ಇರುವ ತನಕ ಈ ದಾನ ನಡೆಯಲಿ ಎಂದು ಅರ್ಥ. ಓದು ಬಾರದ ರೈತನಿಗೂ ನೋಡಿದ ಕೂಡಲೇ ತಿಳಿಯಬೇಕಲ್ಲ! ಬರಹದ ಜೊತೆ ಚಿತ್ರ ಸೇರಿಸುವುದು ಮೊಬೈಲಿನ ಹುಡುಗರು ತಂದ ಚಾಳಿ ಎನ್ನುವವರಿಗೆ ಈ ಕಲ್ಲುಗಳನ್ನು ತೋರಿಸಬೇಕು ಎಂದು ನನಗೆ ಬಹಳ ಆಸೆ.

ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಷಿಣ ಕುಂಕುಮವೂ ಅದೇ ಕೆಲಸ ಮಾಡುತ್ತದೆ. ಒಂದಕ್ಷರ ಓದುವ ಮೊದಲೇ ಶುಭಸುದ್ದಿ ಎಂದು ಗೊತ್ತಾಯಿತು!

ಬಣ್ಣದ ಎಮೋಜಿಗಳ ಕಥೆಗೆ ಬರೋಣ. ಜಪಾನಿನ ಶಿಗೆತಾಕಾ ಕುರಿತಾ 1999ರಲ್ಲಿ ಮಾಡಿದ 176 ಚಿತ್ರಗಳು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿವೆ. ಒಂದೊಂದು ಚಿತ್ರಕ್ಕೂ ಸಿಕ್ಕಿದ್ದು ಅಡ್ಡ 12, ಉದ್ದ 12 ಚುಕ್ಕೆ ಮಾತ್ರ!

ರಬಕವಿ-ಬನಹಟ್ಟಿಯ ನೇಕಾರರೇ, ಇದು ನಿಮಗಾಗಿ. 2019ರಲ್ಲಿ ಸೀರೆಯೂ ಎಮೋಜಿಯಾಯಿತು! ಅದೇ ವರ್ಷ ಆಟೊರಿಕ್ಷಾ, ಗುಡಿ, ಹಣತೆಗಳೂ ಬಂದವು.

ತುಬಚಿಯ ರೈತರು ಈ ಮುಂದಿನದನ್ನು ಗಮನವಿಟ್ಟು ಓದಬೇಕು. ಕೆನಡಾದಲ್ಲಿ ಒಬ್ಬ ರೈತ. ಬೆಳೆ ಯಾವುದು ಗೊತ್ತೇ? ಅಗಸಿ! ನಾವು ರೊಟ್ಟಿಯ ಜೊತೆ ಹಿಂಡಿ ಮಾಡಿ ತಿನ್ನುತ್ತೇವಲ್ಲ, ಅದೇ ಅಗಸಿ. 2021ರಲ್ಲಿ ಖರೀದಿದಾರರು ಕರಾರುಪತ್ರದ ಫೋಟೊ ಮೊಬೈಲಿಗೆ ಕಳಿಸಿ ಒಪ್ಪಿಗೆ ಕೇಳಿದರು. ರೈತ ಹೆಬ್ಬೆರಳೆತ್ತಿದ ಚಿತ್ರ ಒತ್ತಿದ. ಮುಂದೆ ಅಗಸಿಯ ಧಾರಣೆ ಏರಿತು. ಮಾಲು ಹೋಗಲಿಲ್ಲ. ಕಳಿಸಿದ್ದು ಮುಟ್ಟಿತು ಎನ್ನುವುದಕ್ಕಷ್ಟೇ ಬೆರಳು ಎತ್ತಿದ್ದು ಎಂದು ರೈತ ಕೋರ್ಟಿನಲ್ಲಿ ವಾದಿಸಿದ. 2023ರಲ್ಲಿ ತೀರ್ಪು ಬಂತು. ಆ ಹೆಬ್ಬೆರಳು ಸಹಿಗೆ ಸಮ! 82 ಸಾವಿರ ಕೆನಡಾ ಡಾಲರಿಗೂ ಹೆಚ್ಚು ನಷ್ಟಪರಿಹಾರ ತೆರಬೇಕಾಯಿತು. 2024ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೆಬ್ಬೆಟ್ಟು ಒತ್ತಿ ಸಾಲಪತ್ರ ಮಾಡಿಕೊಟ್ಟ ನಮ್ಮ ಅಜ್ಜಂದಿರಿಗೆ ಇದು ಅಚ್ಚರಿ ಅನ್ನಿಸುತ್ತಿತ್ತೋ ಇಲ್ಲವೋ! ಕಬ್ಬಿನ ಲೆಕ್ಕ, ಹೊಲದ ಲಾವಣಿ, ಬಡ್ಡಿಯ ಮಾತು ಬಂದಾಗ ಬೆರಳು ತಡೆಯಿರಿ. ಅಲ್ಲಿ ಪೂರ್ತಿ ಮಾತು ಬರೆಯುವುದೇ ಲೇಸು.

ಮುಗಿದ ಕೈಯ ಚಿತ್ರ ನೋಡಿ. ಜಪಾನಿನಲ್ಲಿ ಅದನ್ನು ಹೆಚ್ಚಾಗಿ ‘ದಯವಿಟ್ಟು’, ‘ಧನ್ಯವಾದ’ ಎನ್ನಲು ಬಳಸುತ್ತಾರೆ. ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಬೆಳಗಿನ ಶುಭೋದಯಕ್ಕೂ ಅದೇ, ಜಾತ್ರೆಯ ಆಮಂತ್ರಣಕ್ಕೂ ಅದೇ, ಮಣ್ಣಿನ ಸುದ್ದಿಗೂ ಅದೇ! ಒಂದೇ ಗುರುತು, ಎಷ್ಟು ಕೆಲಸ!

ಇನ್ನು ಆ ಜಗಳಕ್ಕೆ ಬರೋಣ. ಮುಖಗಳು ಬರಹದಲ್ಲಿ ಬೇಕೇ? ಮಾತಾಡಿದ ಹಾಗೆ ಬರೆಯುವಾಗ ಖಂಡಿತ ಇರಲಿ ಎನ್ನುತ್ತೇನೆ. ಗೆಳೆಯನ ಕಾಲೆಳೆದು ಬರೆದ ಸಾಲಿನ ಕೊನೆಗೆ ಒಂದು ನಗು ಇದ್ದರೆ ಸ್ನೇಹ ಉಳಿಯುತ್ತದೆ. ಅರ್ಜಿ, ಕರಾರು, ಸುದ್ದಿಗಳಲ್ಲಿ ಬೇಡವೇ ಬೇಡ.

ಕೊನೆಯದಾಗಿ ಒಂದು ಕಳಕಳಿಯ ಮಾತು. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ‘ವರ್ಷದ ಪದ’ವೆಂದು ಆರಿಸಿದ್ದು ಒಂದು ಎಮೋಜಿಯನ್ನು! ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮುಖ ಅದು. ಅದನ್ನು ಅಳುವ ಮುಖ ಎಂದುಕೊಂಡು ನಿಧನವಾರ್ತೆಯ ಕೆಳಗೆ ಒತ್ತುವವರು ಇನ್ನೂ ಇದ್ದಾರೆ. ದುಃಖದಲ್ಲಿರುವ ಮನೆಯವರಿಗೆ ಎಷ್ಟು ನೋವಾಗುತ್ತದೆ, ಯೋಚಿಸಿ. ಗುರುತು ಬಹಳ ಸುಲಭ. ಹಲ್ಲು ಕಂಡು ಕಣ್ಣಂಚಿನಲ್ಲಿ ಎರಡೇ ಹನಿ ಇದ್ದರೆ ನಗು. ಕಣ್ಣಿಂದ ಧಾರೆಯೇ ಹರಿಯುತ್ತಿದ್ದರೆ ಅಳು. ಮನೆಯ ಹಿರಿಯರಿಗೆ ಇವತ್ತೇ ಮೊಬೈಲ್ ಹಿಡಿದು ಇವೆರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿಕೊಡಿ!